ಇಪ್ಪತ್ತಾರು ಕಿಲ್, ಆದರೂ ಸೋಲು
ಆಟದ ಕಟ್ಟೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಐವರ ಎದುರು ಐವರು ಆಡುವ ಶೂಟಿಂಗ್ ಆಟ ವ್ಯಾಲರಂಟ್‌ನಲ್ಲಿ ನಮ್ಮ ಟೀಮಿನ ಟಾಪ್ ಸ್ಕೋರರ್ ಹೆಚ್ಚು ಕಮ್ಮಿ ನಾನೇ. ಮೊನ್ನೆ 26 ಕಿಲ್ ಹೊಡೆದೆ, ಆದರೂ 13–9ರಲ್ಲಿ ಸೋತೆವು. ಉಳಿದ ನಾಲ್ವರು ಆಡದಿದ್ದರೆ ನಾನೇನು ಮಾಡಲಿ?
– ಓದುಗ, ದಾವಣಗೆರೆ

ಉತ್ತರ: ಉಳಿದ ನಾಲ್ವರ ವಿಷಯ ಆಮೇಲೆ. ಮೊದಲು ಮುಂದಿನ ರೌಂಡಿಗೆ ಬಂದೂಕು ಕೊಳ್ಳುವ ದುಡ್ಡಿನ ಲೆಕ್ಕ ಹಾಕೋಣ. ಒಂದು ಕಿಲ್‌ಗೆ ಸಿಗುವುದು 200 ಕ್ರೆಡಿಟ್, ಅದೂ ನಿಮ್ಮೊಬ್ಬರ ಜೇಬಿಗೆ. ರೌಂಡ್ ಗೆದ್ದರೆ ಐದೂ ಜನಕ್ಕೆ ತಲಾ 3000. ಸೋತರೆ 1900, ಸತತವಾಗಿ ಸೋಲುತ್ತ ಹೋದರೆ 2400, ಆಮೇಲೆ 2900. ಸೋತ ರೌಂಡಿನಲ್ಲಿ ನೀವು ಮೂವರನ್ನು ಹೊಡೆದಿದ್ದೀರಿ ಅನ್ನಿ: 1900ಕ್ಕೆ 600 ಸೇರಿ 2500. ವ್ಯಾಂಡಲ್ ಅನ್ನುವ ರೈಫಲ್ಲಿನ ಬೆಲೆ 2900. ಮೂರು ಕಿಲ್‌ನ ಶೂರನಿಗೆ ಆ ದುಡ್ಡಿನಲ್ಲಿ ಒಂದು ವ್ಯಾಂಡಲ್ಲೂ ಬರುವುದಿಲ್ಲ, ಮೈ ಕಾಯುವ ಶೀಲ್ಡ್ ಮಾತು ದೂರವೇ ಉಳಿಯಿತು.

ಇನ್ನೂ ಒಂದು ಪೆಟ್ಟಿದೆ, ಇದು ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ. ಅಟ್ಯಾಕ್ ಮಾಡುವಾಗ ಸ್ಪೈಕನ್ನು, ಅಂದರೆ ಸೈಟ್ ಎಂಬ ಗೊತ್ತಾದ ಜಾಗದಲ್ಲಿ ನೆಟ್ಟು (ಪ್ಲಾಂಟ್ ಮಾಡಿ) ಸಿಡಿಸಬೇಕಾದ ಬಾಂಬನ್ನು, ಬೆನ್ನಿಗೆ ಕಟ್ಟಿಕೊಂಡೇ ಕಿಲ್ ಹುಡುಕುತ್ತ ಸುತ್ತಿ, 100 ಸೆಕೆಂಡ್ ಮುಗಿದು, ಪ್ಲಾಂಟ್ ಆಗದೆ ರೌಂಡ್ ಹೋದರೆ, ಬದುಕಿ ಉಳಿದವರಿಗೆ ಸಿಗುವುದು ಬರೀ 1000. ಜೀವ ಉಳಿಸಿಕೊಂಡದ್ದಕ್ಕೆ ದಂಡ ಅನ್ನಿ.

ಈಗ ಒಂದು ಸನ್ನಿವೇಶ. ಅಸೆಂಟ್ ಮ್ಯಾಪ್, ಬಿ ಸೈಟ್. ಸ್ಪೈಕ್ ನೆಟ್ಟಾಗಿದೆ, ನೀವು ಮೂವರು, ಅವರು ಇಬ್ಬರು. ಸಿಡಿಯಲು 45 ಸೆಕೆಂಡ್, ಅವರು ಅದನ್ನು ಪೂರ್ತಿ ಡಿಫ್ಯೂಸ್ (ನಿಷ್ಕ್ರಿಯ) ಮಾಡಲು 7 ಸೆಕೆಂಡ್. ಅಂದರೆ 38 ಸೆಕೆಂಡಿನೊಳಗೆ ಅವರಲ್ಲೊಬ್ಬ ಸ್ಪೈಕ್ ಮೇಲೆ ಕೂತಿರಲೇಬೇಕು. ಸೈಟ್ ಪಕ್ಕದ ಮಾರ್ಕೆಟ್ ಎಂಬ ಜಾಗದ ಕಡೆಯಿಂದ ಹೆಜ್ಜೆ ಸದ್ದು ಕೇಳಿಸುತ್ತದೆ. ಇಲ್ಲಿಯೇ ನಿಮ್ಮಂಥವರ ಕೈ ತುರಿಸುವುದು! ನೀವು ಒಬ್ಬರೇ ಮಾರ್ಕೆಟ್‌ಗೆ ನುಗ್ಗುತ್ತೀರಿ, ಅವನು ಮೂಲೆ ಹಿಡಿದು ಕಾಯುತ್ತಿರುತ್ತಾನೆ, ನೀವು ಸಾಯುತ್ತೀರಿ. ಮೂರಕ್ಕೆ ಎರಡಿದ್ದದ್ದು ಎರಡಕ್ಕೆ ಎರಡಾಯಿತು, ನಿಮ್ಮ ವ್ಯಾಂಡಲ್ ಅವನ ಕೈಸೇರಿತು. ನಿಮ್ಮ ಗುಂಡು ಅವನಿಗೇ ತಗುಲಿದರೂ ದೊಡ್ಡ ಲಾಭವೇನಿಲ್ಲ, ಹೇಗೂ ಅವನೇ ನಿಮ್ಮ ಬಳಿ ಬರಬೇಕಿತ್ತು.

ಮಾಡಬೇಕಾದದ್ದು ಇಷ್ಟು. ಪ್ಲಾಂಟ್ ಮಾಡುವಾಗಲೇ ಬಿ ಮೇನ್‌ನಿಂದ (ನೀವು ಸೈಟಿಗೆ ಬಂದ ದಾರಿ) ಕಾಣುವ ಹಾಗೆ ಮಾಡಿ. ಇಬ್ಬರು ಮೇನ್‌ಗೆ ಸರಿಯಿರಿ, ಒಬ್ಬನ ಕಣ್ಣು ಇನ್ನೊಬ್ಬನ ದಿಕ್ಕು ಕಾಯುವಷ್ಟು ಹತ್ತಿರ, ಒಂದೇ ಗುಂಡಿನ ಸುರಿಮಳೆಗೆ ಇಬ್ಬರೂ ಬೀಳದಷ್ಟು ದೂರ. ಟೀಮಿನಲ್ಲಿ ಬ್ರಿಮ್‌ಸ್ಟೋನ್, ವೈಪರ್, ಕಿಲ್‌ಜಾಯ್ ಪಾತ್ರಗಳಿದ್ದರೆ ಅವರ ಮಾಲಿ (ನೆಲಕ್ಕೆ ಬಿದ್ದು ಅಲ್ಲಿ ನಿಂತವರಿಗೆ ಪೆಟ್ಟು ಕೊಡುವ ಅಸ್ತ್ರ) ಉಳಿಸಿಡಿ. ಡಿಫ್ಯೂಸ್ ಸದ್ದು ಕೇಳಿಸಿದಾಗ ಸ್ಪೈಕ್ ಮೇಲೆ ಬಿಡಿ. ಮೊದಲ ಸದ್ದಿಗೇ ಎಲ್ಲವನ್ನೂ ಸುರಿಯಬೇಡಿ. ಸುಮ್ಮನೆ ಡಿಫ್ಯೂಸ್ ಶುರುಮಾಡಿ ಕೈಬಿಟ್ಟು ನಿಮ್ಮನ್ನು ಹೊರಗೆಳೆಯುವುದು ಹಳೆಯ ಆಟ. ಆದರೆ 3.5 ಸೆಕೆಂಡ್ ದಾಟಲು ಬಿಟ್ಟರೆ ಅರ್ಧ ಡಿಫ್ಯೂಸ್ ಹಾಗೇ ಉಳಿಯುತ್ತದೆ, ಮುಂದಿನ ಸಲ ಅವರಿಗೆ ಇನ್ನರ್ಧ ಸಾಕು. ಹಾಗಾಗಿ ಸದ್ದು ಶುರುವಾದೊಡನೆ ಮನಸ್ಸಿನಲ್ಲೇ ಎಣಿಸಿ, ಎರಡು ಮುಗಿಯುವಷ್ಟರಲ್ಲಿ ಗುಂಡೋ ಮಾಲಿಯೋ ಏನಾದರೊಂದು ಹೋಗಲಿ.

ಸ್ಪೈಕ್ ಪಕ್ಕ ಕೂತು ಯಾರನ್ನೂ ಹೊಡೆಯದೆ ಗೆಲ್ಲಬಹುದು ಎಂದಲ್ಲ. ರೌಂಡಿನ ಶುರುವಿನಲ್ಲಿ ಸಿಗುವ ಮೊದಲ ಕಿಲ್ ಐದಕ್ಕೆ ನಾಲ್ಕು ಮಾಡಿಕೊಡುತ್ತದೆ, ಅದಕ್ಕೆ ಬೆಲೆ ಇದೆ. ಗೆಳೆಯ ಬಿದ್ದ ಎರಡು ಸೆಕೆಂಡಿನಲ್ಲಿ ಕೊಂದವನನ್ನು ನೀವು ಕೆಡವಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಸೋಲು ಖಚಿತವಾದ ಮೇಲೆ ಓಡುವವನ ಬೆನ್ನಿಗೆ ಹೊಡೆದ ಕಿಲ್? ಅವನ ಬಂದೂಕು ಕಳೆದಷ್ಟು ಲಾಭ, ಅಷ್ಟೇ. ಆ 26ರಲ್ಲಿ ಯಾವ್ಯಾವುದು ಎಷ್ಟಿತ್ತು ಎಂದು ಮ್ಯಾಚ್ ವಿವರದ ಟೈಮ್‌ಲೈನ್‌ನಲ್ಲಿ ಒಂದೊಂದೇ ರೌಂಡ್ ತೆಗೆದು ನೋಡಿ. ಪ್ಲಾಂಟ್‌ಗೆ ಮುಂಚೆಯೋ ಆಮೇಲೋ, ಆಗ ಎಷ್ಟಕ್ಕೆ ಎಷ್ಟಿದ್ದಿರಿ, ಇವೆರಡನ್ನು ಕಾಗದದ ಮೇಲೆ ಬರೆದರೆ ಸಾಕು. ನಾಲ್ವರ ಮೇಲಿನ ಸಿಟ್ಟು ಅರ್ಧ ಇಳಿಯಬಹುದು.

ಪ್ರಶ್ನೆ: ವ್ಯಾಲರಂಟ್‌ನಲ್ಲಿ ಕಿಲ್ ಜಾಸ್ತಿ ಇದ್ದರೆ ರ್‍ಯಾಂಕ್ ಬೇಗ ಏರುತ್ತದಂತೆ, ನಿಜವೇ?
– ಓದುಗ, ತುಮಕೂರು

ಉತ್ತರ: ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ. ನಿಮ್ಮ ಆಟ ಚೆನ್ನಾಗಿದ್ದರೆ ಅಂಕ ಒಂಚೂರು ಹೆಚ್ಚು ಕಡಿಮೆ ಆಗಬಹುದು. ಕಬಡ್ಡಿಯಲ್ಲಿ ಮೂವರನ್ನು ಮುಟ್ಟಿಯೂ ನಡುಗೆರೆಗೆ ವಾಪಸ್ ಬರದ ರೈಡರ್‌ಗೆ ಯಾರು ಪಾಯಿಂಟ್ ಕೊಡುತ್ತಾರೆ?

ಪ್ರಶ್ನೆ: ಕಾಲ್ ಆಫ್ ಡ್ಯೂಟಿ ಮೊಬೈಲ್‌ನ ಹಾರ್ಡ್‌ಪಾಯಿಂಟ್ ಬಗೆಯ ಆಟದಲ್ಲಿ ನಾನು ಒಬ್ಬಳೇ ಹಿಲ್ (ಹಿಡಿದಿಟ್ಟುಕೊಂಡರೆ ಅಂಕ ಸಿಗುವ ಜಾಗ) ಒಳಗೆ ಇರುತ್ತೇನೆ, ಉಳಿದವರು ಹೊರಗೆ ಬೇಟೆಯಾಡುತ್ತಿರುತ್ತಾರೆ. ಐವರೂ ಒಳಗೇ ಇರಬೇಕಲ್ಲವೇ?
– ಓದುಗಿ, ಹುಬ್ಬಳ್ಳಿ

ಉತ್ತರ: ಬೇಡ. ಹಿಲ್ ಒಳಗೆ ಒಬ್ಬರಿದ್ದರೂ ಐವರಿದ್ದರೂ ಅಂಕ ಸೆಕೆಂಡಿಗೆ ಒಂದೇ. ಐವರೂ ಒಂದೇ ಕೋಣೆಯಲ್ಲಿದ್ದರೆ ಒಂದು ಗ್ರೆನೇಡ್‌ಗೆ ಮನೆ ಖಾಲಿ. ಎದುರಾಳಿ ಒಬ್ಬ ಒಳಗೆ ಕಾಲಿಟ್ಟರೂ ಅಂಕ ನಿಲ್ಲುವುದರಿಂದ ಇಬ್ಬರು ಒಳಗೆ, ಇಬ್ಬರು ಅವರು ಬರುವ ದಾರಿಯಲ್ಲಿ, ಇದು ಸಾಮಾನ್ಯವಾಗಿ ಸರಿಹೋಗುವ ಹಂಚಿಕೆ. ಐದನೆಯವರ ಕೆಲಸ ಬೇರೆ. ಹಿಲ್ 60 ಸೆಕೆಂಡಿಗೊಮ್ಮೆ ಗೊತ್ತಾದ ಕ್ರಮದಲ್ಲಿ ಜಾಗ ಬದಲಿಸುತ್ತದೆ. ಕೊನೆಯ 15 ಸೆಕೆಂಡ್ ಇರುವಾಗಲೇ ಈ ಐದನೆಯವರು ಮುಂದಿನ ಜಾಗ ಸೇರಬೇಕು. ಏಕೆಂದರೆ ಸತ್ತವರು ಆಮೇಲೆ ಎಲ್ಲಿ ಹುಟ್ಟಬೇಕೆಂದು ಆಟ ತೀರ್ಮಾನಿಸುವಾಗ ಯಾರು ಎಲ್ಲಿದ್ದಾರೆ ಎಂಬುದನ್ನೂ ನೋಡುತ್ತದೆ.

ನಿಮ್ಮ ಬೇಟೆಗಾರರ ತಪ್ಪು ಇರುವುದು ಇಲ್ಲೇ. ಎದುರಾಳಿಯ ಸ್ಪಾನ್ (ಮತ್ತೆ ಹುಟ್ಟುವ ಜಾಗ) ಒಳಗೇ ನುಗ್ಗಿದರೆ ಅವರು ಅಲ್ಲಿ ಹುಟ್ಟದೆ ಇನ್ನೊಂದು ಮೂಲೆಯಲ್ಲಿ, ಹಲವು ಸಲ ನಿಮ್ಮ ಬೆನ್ನ ಹಿಂದೆಯೇ, ಹುಟ್ಟುತ್ತಾರೆ. ದಾರಿಯ ಬಾಯಲ್ಲಿ ನಿಂತು ಹೊಡೆಯಲಿ, ಅಲ್ಲಿಂದಾಚೆ ಒಂದು ಹೆಜ್ಜೆಯೂ ಬೇಡ ಎಂದು ಮೈಕ್‌ನಲ್ಲಿ ಹೇಳಿ ನೋಡಿ.

ಪ್ರಶ್ನೆ: ಎದುರಾಳಿಯ ಕೋಟೆ ಕೆಡವಬೇಕಾದ ಡೋಟಾ 2 ಆಟದಲ್ಲಿ ಟೀಮ್‌ಫೈಟ್ (ಎರಡು ತಂಡಗಳ ಒಟ್ಟು ಕಾಳಗ) ಗೆದ್ದ ಮೇಲೂ ಮ್ಯಾಚ್ ಮುಗಿಸಲಾಗುತ್ತಿಲ್ಲ.
– ಓದುಗ, ಮಂಗಳೂರು

ಉತ್ತರ: ನಾಲ್ವರು ಬಿದ್ದಾಗ ಐದನೆಯವನ ಹಿಂದೆ ಕಾಡಿಗೆ ಓಡುತ್ತಿದ್ದೀರಾ? ಅವರು ಎದ್ದು ಬರಲು ಎಷ್ಟು ಸೆಕೆಂಡ್ ಎಂಬುದು ತೆರೆಯ ಮೇಲೇ ಇರುತ್ತದೆ. ಅಷ್ಟರಲ್ಲಿ ಏನು ಸಿಗುತ್ತದೆ ಅನ್ನುವುದೊಂದೇ ಪ್ರಶ್ನೆ. ಯಾವುದಾದರೂ ಲೇನ್‌ನಲ್ಲಿ (ದಾರಿಯಲ್ಲಿ) ನಿಮ್ಮ ಕ್ರೀಪ್‌ಗಳು, ಅಂದರೆ ತಾವಾಗಿಯೇ ನಡೆಯುವ ಸೈನಿಕರು, ಎದುರಾಳಿಯ ಟವರ್ ಹತ್ತಿರವಿದ್ದರೆ ನೇರ ಅಲ್ಲಿಗೆ. ಕ್ರೀಪ್ ಇಲ್ಲದೆ ಎರಡನೇ ಸಾಲಿನ ಟವರ್‌ಗೋ ಕೋಟೆಯೊಳಗಿನ ಬ್ಯಾರಕ್ಸ್‌ಗೋ ಕೈಹಾಕಬೇಡಿ. ಬ್ಯಾಕ್‌ಡೋರ್ ರಕ್ಷಣೆ ಇರುವುದರಿಂದ ಪೆಟ್ಟು ತಗ್ಗುತ್ತದೆ, ಬಿದ್ದ ಪೆಟ್ಟೂ ಮತ್ತೆ ತುಂಬಿಕೊಳ್ಳುತ್ತದೆ. ಕ್ರೀಪ್ ದೂರವಿದ್ದರೆ ರೋಶನ್ ಎಂಬ ದೈತ್ಯನನ್ನು ಹೊಡೆಯಿರಿ. ಸಿಗುವ ಈಜಿಸ್ (ಸತ್ತರೆ ಒಮ್ಮೆ ಮತ್ತೆ ಬದುಕಿಸುವ ವಸ್ತು) 5 ನಿಮಿಷ ಮಾತ್ರ ಇರುತ್ತದೆ, ಅದನ್ನು ಕೈಯಲ್ಲಿಟ್ಟುಕೊಂಡು ಕಾಡಿನಲ್ಲಿ ಚಿನ್ನ ಗಳಿಸುತ್ತ ಕೂರಬೇಡಿ. ಎದುರಾಳಿಯ ಕ್ಯಾರಿ (ತಂಡದ ಮುಖ್ಯ ಹೊಡೆತಗಾರ) ಬೈಬ್ಯಾಕ್ ಬಳಸಿದರೆ, ಅಂದರೆ ಚಿನ್ನ ಕೊಟ್ಟು ತಕ್ಷಣ ಎದ್ದು ಬಂದರೆ, ಗಡಿಯಾರ ನೋಡಿ ಬರೆದುಕೊಳ್ಳಿ: ಇನ್ನು 8 ನಿಮಿಷ ಅವನಿಗೆ ಇನ್ನೊಂದು ಬೈಬ್ಯಾಕ್ ಇಲ್ಲ. ಮುಂದಿನ ಫೈಟ್ ಆ 8 ನಿಮಿಷದೊಳಗೆ, ಅವರ ಬ್ಯಾರಕ್ಸ್ ಮುಂದೆಯೇ ಆಗಲಿ.