'ವಿಶೇಷ ಏನಾದ್ರೂ ಇದೆಯಾ?' ಎಂದು ಎಲ್ಲರೂ ಕೇಳುತ್ತಿರುವಾಗ

ಮದುವೆಯಾಗಿ ಒಂದೂವರೆ ವರ್ಷ, ವಯಸ್ಸು 27, ಹೋದಲ್ಲೆಲ್ಲ 'ವಿಶೇಷ ಏನಾದ್ರೂ ಇದೆಯಾ' ಎನ್ನುತ್ತಾರೆ, ನಾವಿನ್ನೂ ಗಟ್ಟಿಯಾಗಿ ನಿರ್ಧಾರ ಮಾಡಿಲ್ಲ, ಮಗು ಬೇಕು ಅನ್ನಿಸಿದರೂ ಮುಂಚೆ ಏನಾದರೂ ತಯಾರಿ ಬೇಕಾ ಎಂದು ಕೇಳಿದ್ದೀರಿ. ನಾನು ಶಿರಸಿ ಕಡೆಯವಳು. ನನಗಾದದ್ದನ್ನೇ ಹೇಳುತ್ತೇನೆ.

ತಯಾರಿ ಬೇಕು. ಮೂರು ತಿಂಗಳು ಮುಂಚೆಯೇ ಡಾಕ್ಟರ್ ಹತ್ರ ಹೋಗಿ. ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಮೊದಲ ಸಲ ಏಳನೇ ವಾರಕ್ಕೇ ಗರ್ಭ ಹೋಯಿತು. ಆಮೇಲೆ ಕುಮಟಾದಲ್ಲಿ ಒಬ್ಬ ಡಾಕ್ಟರಮ್ಮ ನನ್ನ ಕಣ್ಣಿನ ಕೆಳರೆಪ್ಪೆಯನ್ನು ಬೆರಳಲ್ಲಿ ಎಳೆದು ನೋಡಿ, "ಇಷ್ಟು ಬಿಳಚಿಕೊಂಡಿದೆ, ಮನೆಯಲ್ಲಿ ಯಾರೂ ನೋಡ್ಲಿಲ್ವಾ?" ಎಂದರು. ಹಿಮೋಗ್ಲೋಬಿನ್ 8.4 ಇತ್ತು. 12 ಆದರೂ ಇರಬೇಕು. ಥೈರಾಯ್ಡ್ ಕೂಡ ಸರಿ ಇರಲಿಲ್ಲ. ಗರ್ಭ ಹೋದದ್ದಕ್ಕೆ ಅದೇ ಕಾರಣ ಎಂದು ಅವರು ಹೇಳಲಿಲ್ಲ, ಎಷ್ಟೋ ಸಲ ಯಾರ ತಪ್ಪೂ ಇರುವುದಿಲ್ಲ ಎಂದರು, ಆದರೆ ಇವೆರಡನ್ನು ಸರಿ ಮಾಡಿಕೊಂಡೇ ಮುಂದೆ ಹೋಗಿ ಎಂದರು. ಕಬ್ಬಿಣದ ಮಾತ್ರೆಯನ್ನು ನಾನು ಬೆಳಿಗ್ಗೆ ಚಾ ಜೊತೆ ನುಂಗುತ್ತಿದ್ದೆ. ಚಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದೇ ಕಡಿಮೆಯಂತೆ! ಲಿಂಬೆಹಣ್ಣಿನ ಪಾನಕದ ಜೊತೆ ಶುರು ಮಾಡಿದೆ. ಐದು ತಿಂಗಳು ಹಿಡಿಯಿತು.

ಇನ್ನು ಫೋಲಿಕ್ ಆಸಿಡ್ ಎಂಬ ವಿಟಮಿನ್ ಮಾತ್ರೆ. ಮಗುವಿನ ಮೆದುಳು, ಬೆನ್ನುಹುರಿ ಆಗುವ ಕೊಳವೆ ಗರ್ಭ ನಿಂತು ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿತು ಎಂದು ನಾವು ದಿನ ಎಣಿಸುವ ಹೊತ್ತಿಗೆ ಆ ಕೆಲಸ ಅರ್ಧ ಮುಗಿದಿರುತ್ತದೆ, ಅಲ್ವಾ? ಅದಕ್ಕೇ ದಿನಕ್ಕೆ 400 ಮೈಕ್ರೋಗ್ರಾಂ, ಕನಿಷ್ಠ ಒಂದು ತಿಂಗಳು ಮುಂಚಿನಿಂದಲೇ ತಗೊಳ್ಳಬೇಕು. ಸಕ್ಕರೆ ಕಾಯಿಲೆ ಇದ್ದರೆ, ಫಿಟ್ಸ್ ಮಾತ್ರೆ ತಗೊಳ್ತಿದ್ದರೆ ಡೋಸ್ ಬೇರೆ ಇರಬಹುದು, ಮೊದಲೇ ಹೇಳಿ, ಆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡುವ ರುಬೆಲ್ಲಾ ಕಾಯಿಲೆಯ ಲಸಿಕೆ ಆಗಿಲ್ಲವಾದರೆ ಹಾಕಿಸಿಕೊಂಡು ಒಂದು ತಿಂಗಳು ಕಾಯಬೇಕು.

ಗಂಡನ ವಿಷಯ ಯಾರೂ ಕೇಳುವುದೇ ಇಲ್ಲ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ತಂಬಾಕು ಅದನ್ನು ಕೆಡಿಸುತ್ತದೆ. ನಮ್ಮವರು ಕವಳಕ್ಕೆ, ಅಂದರೆ ಎಲೆಅಡಿಕೆಗೆ, ಹೊಗೆಸೊಪ್ಪು ಹಾಕುವುದನ್ನು ಬಿಟ್ಟರು. ಮೊದಲ ಹದಿನೈದು ದಿನ ಮನೆಯಲ್ಲಿ ಯಾರ ಹತ್ರವೂ ಸರಿಯಾಗಿ ಮಾತಾಡಲಿಲ್ಲ. ಆದರೂ ಬಿಟ್ಟರು.

ನಮ್ಮ ಕಡೆ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಮನೆಗೆ ಹೋಗುವ ಕಾಲುಸಂಕ ಆಷಾಢದಲ್ಲಿ ನೀರಿನಡಿ ಹೋಗುತ್ತದೆ, ಘಟ್ಟದಲ್ಲಿ ಗುಡ್ಡ ಕುಸಿದರೆ ಕುಮಟಾ ದಾರಿಯೂ ಬಂದ್. ದೊಡ್ಡ ತೊಂದರೆಯಾದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಗರ್ಭ ನಿಲ್ಲುವ ತಿಂಗಳು ನಮ್ಮ ಕೈಯಲ್ಲಿಲ್ಲ ನಿಜ. ಆದರೆ ದಿನ ತುಂಬುವುದು ಜುಲೈ ಎಂದು ಗೊತ್ತಾದಾಗ, ಮೇ ಕೊನೆಗೇ ನಾನು ಪೇಟೆಯಲ್ಲಿರುವ ಅಕ್ಕನ ಮನೆಗೆ ಹೋಗಿ ಇದ್ದೆ.

ಮಗು ಬೇಕಾ ಬೇಡವಾ ಎಂಬುದು ನಿಮ್ಮಿಬ್ಬರ ಮಾತು. ಅತ್ತೆಯದ್ದೂ ಅಲ್ಲ, ಪಕ್ಕದ ಮನೆಯವರದ್ದೂ ಅಲ್ಲ. 27ಕ್ಕೆ ಅವಸರವಿಲ್ಲ, 35 ದಾಟಿದ ಮೇಲೆ ಕಷ್ಟ ಜಾಸ್ತಿ ಎಂಬುದನ್ನು ಮಾತ್ರ ನೆನಪಿಡಿ. ಮಗು ಬೇಕು ಅನ್ನಿಸುವವರೆಗೆ ಗರ್ಭ ತಡೆಯಲು ಸುಮ್ನೆ ದಿನ ಲೆಕ್ಕ ಹಾಕಿಕೊಂಡು ಕೂರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಪರ್ ಟಿ, ಛಾಯಾ ಮಾತ್ರೆ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ ಎಲ್ಲ ಪುಕ್ಕಟೆ. ಅಂತರಾ ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯುತ್ತದೆ, ಮುಂದಿನ ವರ್ಷವೇ ಮಗು ಬೇಕು ಅನ್ನಿಸಿದರೆ ಅದು ಬೇಡ.

ಡಾಕ್ಟರ್ ಹತ್ರ ಹೋಗುವಾಗ ಗಂಡನನ್ನೂ ಕರೆದುಕೊಂಡೇ ಹೋಗಿ. ಹೊಗೆಸೊಪ್ಪಿನ ಮಾತು ನಾನು ವರ್ಷವಿಡೀ ಹೇಳಿದ್ದೆ, ನಮ್ಮವರು ಕೇಳಿದ್ದು ಡಾಕ್ಟರಮ್ಮ ಹೇಳಿದ ಮೇಲೆ.