‘ತೋಟ ಮಾರಿಯಾದ್ರೂ ಓದಿಸ್ತೀನಿ’: ಒಂದು ಆಪ್ತಸಲಹೆ ಪ್ರಕರಣ

ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಹುಡುಗಿಯನ್ನೂ ಅವಳ ಅಪ್ಪನನ್ನೂ ಕೇಳಿ, ಅವರು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಇಲ್ಲಿ ಅವಳು ಸುಮಾ.

ಜೋರು ಮಳೆಯ ಒಂದು ಬೆಳಿಗ್ಗೆ ಅಪ್ಪ ಮಗಳು ಶಿವಮೊಗ್ಗದ ನನ್ನ ಕೋಣೆಗೆ ಬಂದರು. ಹೊಸನಗರದ ಕಡೆಯವರು, ಮೊದಲ ಬಸ್ಸಿಗೇ ಹೊರಟಿದ್ದರು. ಇಬ್ಬರ ಬಟ್ಟೆಯೂ ಮೊಣಕಾಲವರೆಗೆ ಒದ್ದೆ. ಆದರೆ ಅಪ್ಪ ಎದೆಗೆ ಒತ್ತಿ ಹಿಡಿದಿದ್ದ ಪ್ಲಾಸ್ಟಿಕ್ ಕವರಿನೊಳಗೆ ಅಂಕಪಟ್ಟಿಗಳು ಒಂದು ಹನಿಯೂ ತಾಗದೆ ಗರಿಗರಿಯಾಗಿದ್ದವು. ಕೂತ ತಕ್ಷಣ ಅವರು ಹೇಳಿದ್ದು, “ಮೇಡಂ, ಇವಳಿಗೆ ಇಂಗ್ಲಿಷ್ ಅಂದ್ರೆ ಭಯ. ಪುಣೆಯಲ್ಲಿ ಇಂಟರ್‌ವ್ಯೂ ಇದೆ. ಇನ್ನು ಹನ್ನೆರಡೇ ದಿನ. ಅಷ್ಟರಲ್ಲಿ ಸರಿ ಮಾಡಿಕೊಡಿ.”

ಎಂಬಿಬಿಎಸ್‌ಗೆ ಇಂಟರ್‌ವ್ಯೂ ಎಲ್ಲಿದೆ ಅಂತ ತುಂಬಾ ಜನ ಕೇಳುತ್ತಾರೆ. ನಮ್ಮಲ್ಲಿ ಜಾಸ್ತಿ ಕಡೆ ಇಲ್ಲ. ನೀಟ್ ಅಂಕ, ರ‍್ಯಾಂಕ್, ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕೌನ್ಸೆಲಿಂಗ್, ಅಷ್ಟೇ. ನೀಟ್‌ಗೆ ಮೊದಲು ವೆಲ್ಲೂರಿನ ಸಿಎಂಸಿ ಮೆಡಿಕಲ್ ಕಾಲೇಜಿನ ಸಂದರ್ಶನಕ್ಕೆ ದೊಡ್ಡ ಹೆಸರಿತ್ತು. ಈಗ ಸಂದರ್ಶನ ಉಳಿದಿರುವ ದೊಡ್ಡ ಸಂಸ್ಥೆ ಅಂದರೆ ಪುಣೆಯ ಎಎಫ್‌ಎಂಸಿ, ಅಂದರೆ ಸೈನ್ಯದ ವೈದ್ಯಕೀಯ ಕಾಲೇಜು. 1948ರಲ್ಲಿ ಶುರುವಾದದ್ದು. ಅಲ್ಲಿಗೆ ನೀಟ್ ಅಂಕದ ಮೇಲೆ ಕರೆ ಬರುತ್ತದೆ, ಆಮೇಲೆ ಇಂಗ್ಲಿಷ್ ಮತ್ತು ತರ್ಕದ ಒಂದು ಕಂಪ್ಯೂಟರ್ ಪರೀಕ್ಷೆ, ಒಂದು ಮನೋಪರೀಕ್ಷೆ, ಅಧಿಕಾರಿಗಳ ಮುಂದೆ 50 ಅಂಕದ ಸಂದರ್ಶನ, ಕೊನೆಗೆ ಕಣ್ಣು, ಕಿವಿ, ಎತ್ತರ, ತೂಕ ಎಲ್ಲದರ ತಪಾಸಣೆ. ಹುಡುಗಿಯರಿಗೆ ಇರುವುದು 30 ಸೀಟು. ಕಲಿಯಲು, ಉಳಿಯಲು ದುಡ್ಡು ಕೊಡಬೇಕಿಲ್ಲ. ಅದರ ಬದಲು, ಓದು ಮುಗಿದ ಮೇಲೆ ಸೈನ್ಯದ ವೈದ್ಯಾಧಿಕಾರಿಯಾಗಿ ದುಡಿಯಲೇಬೇಕು, ಅದಕ್ಕೆ ಬಾಂಡ್ ಬರೆದುಕೊಡಬೇಕು. ಶಾರ್ಟ್ ಸರ್ವೀಸ್, ಅಂದರೆ ಸೀಮಿತ ಅವಧಿಯ ಸೇವೆ ಆದರೆ 7 ವರ್ಷ.

ಮೊದಲ ದಿನ ನಾನೂ ಅಪ್ಪನ ಮಾತನ್ನೇ ನಂಬಿದೆ. ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸಿನವರೆಗೆ ಓದಿದ ಹುಡುಗಿ, ಪಿಯುಸಿಗೆ ಬಂದು ಇಂಗ್ಲಿಷಿನ ಜೊತೆ ಗುದ್ದಾಡಿದವಳು, ಭಯ ಇರುವುದು ಸಹಜ ಅಲ್ವಾ ಅಂದುಕೊಂಡೆ. ಮುಕ್ಕಾಲು ಗಂಟೆ ಅದರಲ್ಲೇ ಕಳೆದೆವು. ಅದು ತಪ್ಪು ಜಾಗ ಅಂತ ಗೊತ್ತಾಗಿದ್ದು ಎರಡನೇ ಭೇಟಿಯಲ್ಲಿ.

ಅವತ್ತು ಅವಳು ಒಂದು ಹಾಳೆ ತಂದಿದ್ದಳು. ಒಂದು ಕೋಚಿಂಗ್‌ನವರು ಟೈಪ್ ಮಾಡಿ ಕೊಟ್ಟ ಉತ್ತರಗಳು. ನಾಲ್ಕು ಮಡಿಕೆ ಮಾಡಿ ಮಾಡಿ ಮಡಿಕೆಯ ಗೆರೆಯಲ್ಲಿ ಕಾಗದ ಸವೆದು ತೂತು ಬಿದ್ದಿತ್ತು. ‘ಪ್ಯಾಷನ್’ ಅನ್ನುವ ಪದದ ಕೆಳಗೆ ಕೆಂಪು ಗೆರೆ. ನಾನು ಹಾಳೆ ಮಡಚಿಟ್ಟು ಸುಮ್ನೆ ಪ್ರಶ್ನೆ ಕೇಳುತ್ತಾ ಹೋದೆ. ಊರಿನ ಬಗ್ಗೆ ಕೇಳಿದಾಗ ತಡವರಿಸುತ್ತಲೇ ಇಂಗ್ಲಿಷಿನಲ್ಲಿ ಹೇಳಿದಳು. ನಿಮ್ಮ ಜಿಲ್ಲೆಯ ಆರೋಗ್ಯದ ಸಮಸ್ಯೆ ಏನು ಅಂದೆ. ಮಂಗನ ಕಾಯಿಲೆ ಅಂದಳು, ಅಲ್ಲಿಂದ ಮಾತು ನಿಲ್ಲಲೇ ಇಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಅದು, ಕಾಡಿನ ಉಣ್ಣೆ ಹುಳ ಕಚ್ಚಿ ಬರುತ್ತದೆ, ಮಂಗ ಸತ್ತು ಬಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಬೇಕು, ಬೇಸಿಗೆಯಲ್ಲಿ ಸೊಪ್ಪಿಗೆ ಹೋಗುವ ಅಜ್ಜಿಯ ಕಾಲಿಗೆ ಹುಳ ಹತ್ತದಂತೆ ಇವಳೇ ಡೆಪಾ ಎಣ್ಣೆ ಹಚ್ಚಿ ಕಳಿಸುತ್ತಾಳೆ. ವ್ಯಾಕರಣ ಅಲ್ಲಲ್ಲಿ ಮುರಿಯಿತು. ಆದರೆ ಎಲ್ಲವೂ ಅರ್ಥವಾಯಿತು.

ಆಮೇಲೆ ಕೇಳಿದೆ, “ಸೈನ್ಯದ ಕಾಲೇಜೇ ಯಾಕೆ?”

ಅವಳು “ಬಿಕಾಸ್” ಅಂದಳು. ಮುಂದೆ ಮಾತಿಲ್ಲ. ಗಂಟಲು ಕಟ್ಟಿತು. ಎಡಗೈ ಹೆಬ್ಬೆರಳಿನಿಂದ ದುಪಟ್ಟಾದ ಅಂಚನ್ನು ಉಜ್ಜುತ್ತಾ ಕೂತಳು. ಹತ್ತು ನಿಮಿಷ ಬಿಟ್ಟು ಬೇರೆ ಮಾತಿನ ನಡುವೆ ಮತ್ತೆ ಕೇಳಿದೆ. ಅದೇ ಜಾಗ, ಅದೇ ‘ಬಿಕಾಸ್’. ಇಂಗ್ಲಿಷ್ ಭಯ ಆಗಿದ್ದರೆ ಎಲ್ಲ ಕಡೆ ಕಟ್ಟಬೇಕಿತ್ತು. ಕಟ್ಟುತ್ತಿದ್ದದ್ದು ಒಂದೇ ಕಡೆ.

ಅಪ್ಪನಿಗೆ, ಚಾ ಕುಡಿದು ಬನ್ನಿ ಅಂತ ಹೇಳಿ ಹೊರಗೆ ಕಳಿಸಿದೆ. ಕನ್ನಡದಲ್ಲೇ ಹೇಳು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸುಳ್ಳು ಹೇಳಿದ ಹಾಗಾಗುತ್ತೆ ಮೇಡಂ. ದೇಶಸೇವೆ ಅಂತ ಬರೆದುಕೊಟ್ಟಿದ್ದಾರೆ. ನನಗೆ ಸೈನ್ಯದ ಬಗ್ಗೆ ಏನೂ ಗೊತ್ತಿಲ್ಲ. ಅಲ್ಲಿ ಫೀಸಿಲ್ಲ, ಅದಕ್ಕೇ ಅರ್ಜಿ ಹಾಕಿದ್ದು” ಅಂದಳು. ಕಣ್ಣಲ್ಲಿ ನೀರು ಬಂತು. ಆಮೇಲೆ ನಿಜವಾದ ವಿಷಯ ಹೊರಗೆ ಬಂತು. “ಅಪ್ಪಯ್ಯ ಹೇಳಿದ್ರು, ಹೆದರಬೇಡ ಮಗಾ, ಸೀಟು ಸಿಗದಿದ್ರೆ ತೋಟ ಮಾರಿಯಾದ್ರೂ ಓದಿಸ್ತೀನಿ ಅಂತ. ಅವತ್ತಿಂದ ನಿದ್ದೆ ಇಲ್ಲ.”

ಇರುವುದು ಒಂದೂವರೆ ಎಕರೆ ಅಡಿಕೆ ತೋಟ. ಅಪ್ಪ ಧೈರ್ಯ ಹೇಳಲು ಆಡಿದ ಮಾತು ಅದು, ಪ್ರೀತಿಯಿಂದಲೇ ಆಡಿದ್ದು. ಮಗಳ ಕಿವಿಗೆ ಅದು, ನೀನು ಅಲ್ಲಿ ತಪ್ಪು ಮಾತಾಡಿದರೆ ತೋಟ ಹೋಗುತ್ತೆ ಅಂತ ಕೇಳಿಸಿತ್ತು. ಅರ್ಧ ಗಂಟೆಯ ಮಾತುಕತೆಯ ಮೇಲೆ ಒಂದೂವರೆ ಎಕರೆ ಕೂತುಬಿಟ್ಟರೆ ಹದಿನೆಂಟರ ಹುಡುಗಿ ಬಾಯಿ ಬಿಡುವುದು ಹೇಗೆ? ನನ್ನ ಬಳಿ ಬರುವ ಮಕ್ಕಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಬೈದ ಅಪ್ಪ ಅಮ್ಮನಿಗಿಂತ ತ್ಯಾಗದ ಮಾತಾಡಿದ ಅಪ್ಪ ಅಮ್ಮನ ಭಾರವೇ ಮಕ್ಕಳಿಗೆ ಜಾಸ್ತಿ, ಯಾಕಂದರೆ ಬೈದವರ ಮೇಲೆ ಸಿಟ್ಟಾದರೂ ಮಾಡಿಕೊಳ್ಳಬಹುದು.

ಹಾಗಾಗಿ ಮೊದಲ ಸಲಹೆ ಕೊಟ್ಟಿದ್ದು ಅಪ್ಪನಿಗೆ. ಮಗಳ ಎದುರಿಗೇ, ಅವಳನ್ನು ಕೇಳಿಯೇ. “ನೀವು ಹೇಳಿದ ಮಾತು ದೊಡ್ಡದು. ಆದರೆ ಅದು ಅವಳಿಗೆ ಭಾರ ಆಗಿದೆ. ತೋಟ ಮಾರುವ ಮಾತನ್ನು ವಾಪಸ್ ತಗೊಳ್ಳಿ. ಅದರ ಬದಲು ಈ ವಾರ ಮನೆಯಲ್ಲಿ ಕೂತು, ಪುಣೆ ಆಗದಿದ್ದರೆ ಏನು ಅನ್ನುವುದನ್ನು ಕಾಗದದ ಮೇಲೆ ಬರೆಯಿರಿ.” ಅವರು ತುಂಬಾ ಹೊತ್ತು ನೆಲ ನೋಡುತ್ತಾ ಕೂತರು. ಆಮೇಲೆ ಮಗಳ ಕಡೆ ತಿರುಗಿ, “ನಾ ಹಂಗೆ ಅಂದುಕೊಂಡು ಹೇಳಿರಲಿಲ್ಲ ಮಗಾ” ಅಂದರು. ಅಷ್ಟೇ ಅಂದದ್ದು.

ಮೂರನೇ ಭೇಟಿಗೆ ಕಾಗದ ಬಂತು. ಅಡಿಕೆ ಲೆಕ್ಕದ ಪುಸ್ತಕದಿಂದ ಹರಿದ ಹಾಳೆ. ಕೆಇಎಯಲ್ಲಿ ಸರ್ಕಾರಿ ಸೀಟು ಬಂದರೆ ಎಲ್ಲಿ, ಎಷ್ಟು ಖರ್ಚು. ಶಿವಮೊಗ್ಗದ ಸರ್ಕಾರಿ ಮೆಡಿಕಲ್ ಕಾಲೇಜು ಸಿಮ್ಸ್ ಸಿಕ್ಕರೆ ಮೆಗ್ಗಾನ್ ಆಸ್ಪತ್ರೆ ಹತ್ತಿರ ಇರುವ ಅತ್ತೆ ಮನೆ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಆದರೆ ಬ್ಯಾಂಕ್ ಸಾಲ, ಯಾವ ಬ್ಯಾಂಕ್, ಯಾರ ಹತ್ತಿರ ಕೇಳಬೇಕು. ಅದೂ ಆಗದಿದ್ದರೆ ಇನ್ನೊಂದು ವರ್ಷ, ಅಥವಾ ಆಯುರ್ವೇದದ ಬಿಎಎಂಎಸ್. ತೋಟದ ಹೆಸರು ಎಲ್ಲೂ ಇರಲಿಲ್ಲ. ಸುಮಾ ಆ ವಾರ ಎರಡು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದಳು.

ಎರಡನೇ ಸಲಹೆ ಅವಳಿಗೆ. ಫೀಸಿಲ್ಲ ಅನ್ನುವುದು ನಾಚಿಕೆಯ ಕಾರಣ ಅಲ್ಲ. ಬಡವರ ಮಕ್ಕಳು, ಸಣ್ಣ ರೈತರ ಮಕ್ಕಳು ಓದಲಿ ಅಂತಲೇ ಎಷ್ಟೋ ವ್ಯವಸ್ಥೆಗಳಿವೆ. ಆದರೆ ಅದು ಅರ್ಧ ಉತ್ತರ. ಇನ್ನರ್ಧ, ಆ 7 ವರ್ಷ ನಿನಗೆ ಒಪ್ಪಿಗೆಯಾ? ಊರು ಬಿಟ್ಟು ದೂರ, ಹೇಳಿದ ಕಡೆ ವರ್ಗ, ಮೇಲಿನವರ ಆದೇಶ. ಇದನ್ನು ನಿಜವಾಗಿ ಯೋಚಿಸಿ ಬಾ, ಒಪ್ಪಿಗೆ ಇಲ್ಲ ಅಂತ ಅನ್ನಿಸಿದರೆ ಪುಣೆಗೆ ಹೋಗುವುದೇ ಬೇಡ, ಅದೂ ಒಳ್ಳೆಯ ತೀರ್ಮಾನವೇ ಅಂದೆ. ಅಪ್ಪನ ಮುಖ ಸಣ್ಣದಾಯಿತು. ಆದರೂ ಈ ಮಾತು ಹೇಳಲೇಬೇಕಿತ್ತು. ಬೇಡ ಅನ್ನುವ ದಾರಿ ತೆರೆದಿಲ್ಲದಿದ್ದರೆ ಬೇಕು ಅನ್ನುವ ಮಾತಿಗೆ ಬಲ ಬರುವುದಿಲ್ಲ.

ಪಕ್ಕದ ಊರಿನಲ್ಲಿ ಸೈನ್ಯದಿಂದ ನಿವೃತ್ತರಾದ ಒಬ್ಬರಿದ್ದರು. ಅವರನ್ನು ಮಾತಾಡಿಸಿ ಬಾ ಅಂದೆ. ಅಮ್ಮನ ಜೊತೆ ಹೋದವಳು ಸಂಜೆಯವರೆಗೆ ಕೂತಿದ್ದಳಂತೆ. ವಾಪಸ್ ಬಂದಾಗ ಅವಳ ಹತ್ತಿರ ಉತ್ತರಕ್ಕಿಂತ ಪ್ರಶ್ನೆಗಳು ಜಾಸ್ತಿ ಇದ್ದವು. ಅವರು ಕೆಲಸ ಮಾಡಿದ ಜಾಗದ ಅಷ್ಟು ಚಳಿಯಲ್ಲಿ ಗಾಯ ಬೇಗ ವಾಸಿಯಾಗುತ್ತಾ? ಲೇಡಿ ಡಾಕ್ಟರನ್ನೂ ಅಲ್ಲಿಗೆ ಹಾಕ್ತಾರಾ? ಮಳೆಗಾಲದಲ್ಲಿ ರಸ್ತೆ ಮುಚ್ಚಿದಾಗ ನಮ್ಮೂರಿಗೆ ಡಾಕ್ಟರ್ ಬರಲ್ಲ, ಅಲ್ಲಿ ಡಾಕ್ಟರೇ ಜೊತೆಗಿರ್ತಾರಂತೆ ಮೇಡಂ ಅಂದಳು. ನಾನು, ಇದನ್ನೇ ಅಲ್ಲಿ ಹೇಳು ಅಂತ ಹೇಳಲಿಲ್ಲ. ಹಾಗೆ ಹೇಳಿದ್ದರೆ ಅದೂ ಇನ್ನೊಂದು ಹಾಳೆಯೇ ಆಗುತ್ತಿತ್ತು.

ಬಾಯಿಪಾಠದ ಬಗ್ಗೆ ಒಂದು ಮಾತು. ಹೆದರಿಕೆಯಲ್ಲಿ ಬಾಯಿಪಾಠ ಕೈಕೊಡುತ್ತದೆ, ಒಂದು ಸಾಲು ಮರೆತರೆ ಹಿಂದಿನದೂ ಮುಂದಿನದೂ ಒಟ್ಟಿಗೆ ಹೋಗುತ್ತದೆ. ಅದಕ್ಕೆ ನಾನು ಹೇಳುವುದು, ಬೇಲಿ ಪೂರ್ತಿ ಹೊತ್ತುಕೊಂಡು ಹೋಗಬೇಡ, ನಾಲ್ಕು ಗೂಟ ತಗೊಂಡು ಹೋಗು. ಪ್ರತಿ ಪ್ರಶ್ನೆಗೆ ಎರಡು ಮೂರು ಪದ ಮಾತ್ರ ನೆನಪಿರಲಿ. ನಡುವಿನದು ಅಲ್ಲೇ ಹುಟ್ಟಲಿ, ಮುರಿದರೂ ಪರವಾಗಿಲ್ಲ.

ಅಭ್ಯಾಸಕ್ಕೆ ಬೇರೆ ಕಡೆಯ ಒಂದು ಪದ್ಧತಿ ಬಳಸಿದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿ ಈಗ ಬ್ರಿಟನ್ನಿನ ಹಲವು ಮೆಡಿಕಲ್ ಕಾಲೇಜುಗಳಲ್ಲೂ ಇರುವ ಎಂಎಂಐ, ಅಂದರೆ ಮಲ್ಟಿಪಲ್ ಮಿನಿ ಇಂಟರ್‌ವ್ಯೂ. ಒಂದೇ ದೊಡ್ಡ ಸಂದರ್ಶನದ ಬದಲು ಹಲವು ಚಿಕ್ಕ ಚಿಕ್ಕವು. ಬಾಗಿಲ ಹೊರಗೆ ಒಂದೆರಡು ನಿಮಿಷ ಪ್ರಶ್ನೆ ಓದಬೇಕು, ಒಳಗೆ ಹೋಗಿ ಕೆಲವೇ ನಿಮಿಷ ಮಾತಾಡಬೇಕು, ಗಂಟೆ ಬಾರಿಸಿದರೆ ಮುಂದಿನ ಬಾಗಿಲು. ಅಲ್ಲಿ ಬೇರೆ ಪರೀಕ್ಷಕರು. ಹಿಂದಿನ ಬಾಗಿಲಲ್ಲಿ ಎಡವಿದ್ದು ಇವರಿಗೆ ಗೊತ್ತೇ ಇರುವುದಿಲ್ಲ. ಪುಣೆಯದು ಹಾಗಲ್ಲ, ಒಂದೇ ಕೋಣೆ, ಒಂದೇ ತಂಡ. ಆದರೂ ನನ್ನ ಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿ ಅವಳನ್ನು ಒಂಬತ್ತು ಸಲ ಒಳಗೆ ಹೊರಗೆ ಓಡಾಡಿಸಿದೆ. ‘ನಿನ್ನ ಗೆಳತಿ ಕಾಪಿ ಮಾಡಿದ್ದು ನೋಡಿದೆ, ಏನು ಮಾಡ್ತೀಯ?’, ‘ಔಷಧಿ ಒಂದೇ ಇದೆ, ರೋಗಿಗಳು ಇಬ್ಬರು.’ ಮೂರನೆಯದು ಪೂರ್ತಿ ಕೆಟ್ಟಿತು. ಹೊರಗೆ ಹೋಗಿ ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಟ್ಟು ನಾಲ್ಕನೆಯದಕ್ಕೆ ಬಂದಳು. ಕೆಟ್ಟಿದ್ದು ಆ ಪ್ರಶ್ನೆ ಮಾತ್ರ ಅನ್ನುವುದು ಕಾಲಿಗೇ ಅಭ್ಯಾಸ ಆಗಬೇಕು, ಬರೀ ಬುದ್ಧಿ ಹೇಳಿದರೆ ಸಾಲದು.

ಎದೆ ಹೊಡೆದುಕೊಳ್ಳುವುದು ನಿಲ್ಲುತ್ತಾ ಅಂತ ಕೇಳಿದಳು. ಇಲ್ಲ ಅಂದೆ. ಹೊಡೆದುಕೊಳ್ಳುತ್ತಲೇ ಮಾತಾಡಬಹುದು. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ ಅಂತ ವಿನಂತಿಸು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಸರ್ ಅನ್ನು.

ಅಪ್ಪನಿಗೆ ಇನ್ನೊಂದು ಕೆಲಸ ಇತ್ತು. ಗೇಟಿನ ಹೊರಗೆ ಬಂದ ತಕ್ಷಣ ಏನು ಕೇಳಿದರು, ಏನು ಹೇಳಿದೆ ಅಂತ ಕೇಳಬಾರದು. ಊಟ ಮಾಡೋಣ ಅನ್ನಬೇಕು. ಬೇರೆ ಮಕ್ಕಳ ಉತ್ತರ ಕೇಳಿ ಬಂದು ಹೋಲಿಸಬಾರದು. ಕಾಯುವ ಜಾಗದಲ್ಲಿ ಆಗುವ ಗಾಯ ಸಂದರ್ಶನದ ಕೋಣೆಯಲ್ಲಿ ಆಗುವುದಕ್ಕಿಂತ ದೊಡ್ಡದು. ಪಟಪಟ ಇಂಗ್ಲಿಷ್ ಮಾತಾಡುವ, ಅಪ್ಪನೇ ಸೈನ್ಯದಲ್ಲಿರುವ ಮಕ್ಕಳ ಪಕ್ಕ ನಾಲ್ಕು ಗಂಟೆ ಕೂತರೆ ಯಾರಿಗಾದರೂ ತಾನು ತಪ್ಪಿ ಬಂದೆ ಅನ್ನಿಸುತ್ತದೆ.

ಹುಬ್ಬಳ್ಳಿವರೆಗೆ ಬಸ್ಸು, ಅಲ್ಲಿಂದ ರೈಲು. ಮುಗಿದ ದಿನ ರಾತ್ರಿ ಪುಣೆ ಸ್ಟೇಷನ್‌ನಿಂದ ಫೋನ್ ಮಾಡಿದಳು. ಎರಡು ಪ್ರಶ್ನೆಗೆ ಗೊತ್ತಿಲ್ಲ ಅಂದಳಂತೆ. ಒಂದನ್ನು ಇನ್ನೊಮ್ಮೆ ಕೇಳಿಸಿಕೊಂಡಳಂತೆ. ಯಾಕೆ ಇಲ್ಲಿಗೆ ಅನ್ನುವ ಪ್ರಶ್ನೆ ಬಂತು. “ಅಪ್ಪನಿಗೆ ಫೀಸ್ ಕಟ್ಟಕ್ಕಾಗಲ್ಲ ಅಂತ ಮೊದಲು ಹೇಳಿದೆ ಮೇಡಂ. ಆಮೇಲೆ ಬಾಂಡ್ ಓದಿದೀನಿ, ಒಪ್ಪಿಗೆ ಇದೆ ಅಂತ ಹೇಳಿ, ಯಾಕೆ ಅಂತಲೂ ಹೇಳಿದೆ. ಗ್ರಾಮರ್ ತಪ್ಪಿತ್ತು. ಗಂಟಲು ಕಟ್ಟಲಿಲ್ಲ.” ಅಪ್ಪ ಏನಂದ್ರು ಅಂತ ಕೇಳಿದೆ. ಇನ್ನೂ ಏನೂ ಕೇಳಿಲ್ಲ, ವಡಾಪಾವ್ ತರಕ್ಕೆ ಹೋಗಿದಾರೆ ಅಂದಳು.

ಸೀಟು ಸಿಕ್ಕಿತಾ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. 30 ಸೀಟಿನ ವಿಷಯ, ನಮ್ಮ ಜಿಲ್ಲೆ ಚಿಕ್ಕದು, ಸಿಕ್ಕಿತು ಅಂದರೂ ಇಲ್ಲ ಅಂದರೂ ಅವಳು ಯಾರು ಅಂತ ಗೊತ್ತಾಗಿಬಿಡುತ್ತದೆ. ತೋಟ ಮಾರಲಿಲ್ಲ. ಅದನ್ನು ಬರೆಯಿರಿ ಅಂತ ಅವಳ ಅಪ್ಪನೇ ಹೇಳಿದರು.