ಸಾಕ್ಷಿಯ ಮುಖ ನೋಡಿದವರು ಯಾರು? ಹಳೆಯ ಅಪೀಲುಗಳ ಬಗ್ಗೆ ಮೂರು ಪ್ರಶ್ನೆಗಳು

ಪ್ರಶ್ನೆ: ನಮ್ಮದು ದಕ್ಷಿಣ ಕನ್ನಡದ ಒಂದು ಹಳ್ಳಿ. ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಕೋರ್ಟ್ ಕಾಗದಗಳು ಸಿಕ್ಕಿವೆ. ನಾವು ಬೇಸಾಯ ಮಾಡುತ್ತಿದ್ದ ಗದ್ದೆ ಬಿಟ್ಟುಕೊಡಬೇಕೆಂದು ಧಣಿಗಳು 1950ರಲ್ಲಿ ದಾವಾ ಹಾಕಿದ್ದರು. ನಮ್ಮದು ಮೂಲಗೇಣಿ (ಶಾಶ್ವತ ಗೇಣಿ), ಬಿಡುವುದಿಲ್ಲ ಎಂದು ಅಜ್ಜ ವಾದಿಸಿದ್ದರು. ಹಳೆಯ ಗೇಣಿ ರಶೀದಿಗಳನ್ನು ಬರೆದದ್ದು ನಾನೇ ಎಂದು ಧಣಿಗಳ ಹಳೆಯ ಗುಮಾಸ್ತರೊಬ್ಬರು ಸಾಕ್ಷಿ ಹೇಳಿದ್ದರು. ಮೊದಲು ವಿಚಾರಣೆ ನಡೆಸಿದ ಮುನ್ಸೀಫರು ಆ ಗುಮಾಸ್ತರನ್ನು ನಂಬಿ ದಾವಾ ವಜಾ ಮಾಡಿದರು. ಮೊದಲ ಅಪೀಲು ಕೇಳಿದ ಸಬ್ ಜಡ್ಜ್ ನಂಬಲಿಲ್ಲ. ತೀರ್ಪು ತಿರುಗಿಬಿತ್ತು. 1955ರಲ್ಲಿ ಹೈಕೋರ್ಟು, ಇದು ಸಂಗತಿಯ ತೀರ್ಮಾನ, ನಾವು ಕೈ ಹಾಕುವುದಿಲ್ಲ ಎಂದು ಸೆಕೆಂಡ್ ಅಪೀಲನ್ನು ವಜಾ ಮಾಡಿದೆ. ಕೊನೆಯಲ್ಲಿ 'ನೋ ಲೀವ್' ಎಂಬ ಎರಡೇ ಪದ. ಹೈಕೋರ್ಟು ಸಾಕ್ಷಿಯನ್ನು ಯಾಕೆ ಓದಲಿಲ್ಲ? ಅಜ್ಜ ಸುಪ್ರೀಂ ಕೋರ್ಟಿಗೆ ಹೋಗಬಹುದಿತ್ತಾ? ಈಗ ಏನಾದರೂ ಮಾಡಬಹುದಾ?

ಉತ್ತರ: ನಿಮ್ಮ ಪತ್ರ ಓದಿ ಬೇಸರವಾಯಿತು. ಗೆದ್ದ ದಾವಾ ಕೈಬಿಟ್ಟು ಹೋದ ನೋವು ಮೂರು ತಲೆಮಾರಾದರೂ ಹೋಗುವುದಿಲ್ಲ. ಆದರೆ ಹೈಕೋರ್ಟು ಅಜ್ಜನನ್ನು ಕಡೆಗಣಿಸಿತು ಎಂದುಕೊಳ್ಳಬೇಡಿ. ಆಗಿನ ಕಾನೂನು ಅದರ ಕೈಯನ್ನು ಕಟ್ಟಿಹಾಕಿತ್ತು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಎರಡು ಬಗೆಯ ಅಪೀಲು ಇವೆ. ಮೊದಲನೆಯದು 96ನೇ ಕಲಂ. ಅಲ್ಲಿ ಎಲ್ಲವನ್ನೂ ಹೊಸದಾಗಿ ನೋಡಬಹುದು: ಸಾಕ್ಷಿ, ದಾಖಲೆ, ಕಾನೂನು ಎಲ್ಲ. ಎರಡನೆಯದು 100ನೇ ಕಲಂ, ಅದೇ ಸೆಕೆಂಡ್ ಅಪೀಲು. ಅಲ್ಲಿ ಬಾಗಿಲು ತುಂಬ ಕಿರಿದು. 1976ರ ತಿದ್ದುಪಡಿಗೆ ಮೊದಲು, ಕೆಳಗಿನ ತೀರ್ಪು ಕಾನೂನಿಗೋ, ಕಾನೂನಿನಷ್ಟೇ ಬಲವಿರುವ ರೂಢಿಗೋ ವಿರುದ್ಧವಾಗಿರಬೇಕಿತ್ತು. ಇಲ್ಲವೇ ಕಾನೂನಿನ ಒಂದು ಮುಖ್ಯ ಪ್ರಶ್ನೆಯನ್ನು ತೀರ್ಮಾನಿಸದೆ ಬಿಟ್ಟಿರಬೇಕಿತ್ತು. ಇಲ್ಲವೇ ವಿಚಾರಣೆಯ ಕ್ರಮದಲ್ಲೇ ದೊಡ್ಡ ದೋಷವಾಗಿ, ಅದರಿಂದ ತೀರ್ಪು ಕೆಟ್ಟಿರಬಹುದು ಎನ್ನುವಂತಿರಬೇಕಿತ್ತು. ಯಾರು ನಿಜ ಹೇಳಿದರು, ಯಾರು ಸುಳ್ಳು ಹೇಳಿದರು ಎಂಬುದು ಈ ಮೂರರಲ್ಲಿ ಒಂದೂ ಅಲ್ಲ.

ಇದನ್ನು ಬ್ರಿಟಿಷರ ಕಾಲದಲ್ಲಿ ಭಾರತದ ಕೊನೆಯ ಅಪೀಲು ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1890ರಲ್ಲೇ ದುರ್ಗಾ ಚೌಧರಾಣಿ ಮೊಕದ್ದಮೆಯಲ್ಲಿ ಗಟ್ಟಿಯಾಗಿ ಹೇಳಿತ್ತು. ಸಂಗತಿಯ ತೀರ್ಮಾನದಲ್ಲಿ ಎಷ್ಟು ದೊಡ್ಡ ತಪ್ಪು ಕಂಡರೂ ಸೆಕೆಂಡ್ ಅಪೀಲಿನಲ್ಲಿ ಅದನ್ನು ತಿದ್ದುವ ಅಧಿಕಾರ ಇಲ್ಲ ಎಂದು. ಸ್ವಾತಂತ್ರ್ಯ ಬಂದ ಮೇಲೂ ಈ ಮಾತು ಬದಲಾಗಲಿಲ್ಲ. 1950ರ ದಶಕದ ಕೊನೆಯ ಹೊತ್ತಿಗೆ, ಸೆಕೆಂಡ್ ಅಪೀಲಿನಲ್ಲಿ ಸಾಕ್ಷಿಯನ್ನು ಮತ್ತೆ ತೂಗಲು ಹೋದ ಹೈಕೋರ್ಟ್ ಜಡ್ಜ್‌ಗಳನ್ನು ಸುಪ್ರೀಂ ಕೋರ್ಟೇ ಕಟುವಾಗಿ ಎಚ್ಚರಿಸಿತ್ತು.

ಇಷ್ಟು ಬಿಗಿ ಯಾಕೆ? ಒಂದು ಕಾರಣ ವ್ಯಾಜ್ಯ ಎಲ್ಲಾದರೂ ಒಂದು ಕಡೆ ನಿಲ್ಲಬೇಕು ಎಂಬುದು. ಇನ್ನೊಂದು ಕಾರಣ ನಿಮ್ಮ ಅಜ್ಜನ ಮೊಕದ್ದಮೆಯ ಜೀವಾಳವೇ ಆಗಿದೆ. ಸಾಕ್ಷಿ ಕಟಕಟೆಯಲ್ಲಿ ನಿಂತಾಗ ಅವನ ಮುಖ, ತಡವರಿಕೆ, ಪಾಟೀಸವಾಲಿಗೆ ಉತ್ತರ ಕೊಟ್ಟ ರೀತಿ ಇವನ್ನೆಲ್ಲ ಕಣ್ಣಾರೆ ನೋಡಿದವರು ಕೆಳಗಿನ ಕೋರ್ಟಿನ ಜಡ್ಜ್ ಮಾತ್ರ. ಮೇಲಿನವರಿಗೆ ಸಿಗುವುದು ಬರೀ ಕಾಗದ.

ಹಾಗಾದರೆ ಗುಮಾಸ್ತರ ಮುಖ ನೋಡಿದ್ದು ಮುನ್ಸೀಫರು ಅಲ್ವಾ, ಸಬ್ ಜಡ್ಜ್ ಅಲ್ಲವಲ್ಲ ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ನನ್ನ ಪ್ರಕಾರ ನಿಮ್ಮ ಅಜ್ಜನಿಗೆ ನಿಜವಾದ ಪೆಟ್ಟು ಬಿದ್ದದ್ದು ಹೈಕೋರ್ಟಿನಲ್ಲಿ ಅಲ್ಲ, ಮೊದಲ ಅಪೀಲಿನಲ್ಲಿ. ಸಬ್ ಜಡ್ಜ್‌ಗೆ ಸಂಗತಿಯನ್ನು ಮರುತೂಗುವ ಪೂರ್ಣ ಅಧಿಕಾರವಿತ್ತು, ನಿಜ. ಆದರೆ ಅದನ್ನು ಬಳಸುವುದಕ್ಕೂ ಒಂದು ಅಳತೆ ಇತ್ತು. ಸುಪ್ರೀಂ ಕೋರ್ಟು ಸರ್ಜೂ ಪರ್ಷಾದ್ ಮೊಕದ್ದಮೆಯಲ್ಲಿ (1951) ಅದನ್ನು ಹೇಳಿದೆ. ಬಾಯಿ ಸಾಕ್ಷಿ ಎರಡೂ ಕಡೆ ಇದ್ದು, ಯಾರನ್ನು ನಂಬಬೇಕು ಎಂಬುದರ ಮೇಲೇ ತೀರ್ಪು ನಿಂತಿದ್ದರೆ, ಸಾಕ್ಷಿಯನ್ನು ಕಂಡ ಜಡ್ಜ್‌ನ ಅಭಿಪ್ರಾಯವನ್ನು ಸುಮ್ನೆ ತಳ್ಳಿಹಾಕಬಾರದು. ಅವರ ಗಮನಕ್ಕೆ ಬಾರದೆ ಹೋದ ವಿಶೇಷ ಸಂಗತಿ ಇರಬೇಕು. ಇಲ್ಲವೇ ಅವರು ನಂಬಿದ್ದೇ ನಂಬಲಾಗದಂಥ ಮಾತಾಗಿರಬೇಕು.

ಆದ್ದರಿಂದ ಸಬ್ ಜಡ್ಜ್ ತೀರ್ಪನ್ನು ಮತ್ತೊಮ್ಮೆ ನಿಧಾನವಾಗಿ ಓದಿ. ಮೊದಲ ಅಪೀಲಿನ ತೀರ್ಪು ಹೇಗಿರಬೇಕು ಎಂದು ಸಂಹಿತೆಯ 41ನೇ ಆದೇಶದ 31ನೇ ನಿಯಮ ಹೇಳುತ್ತದೆ. ತೀರ್ಮಾನಿಸಬೇಕಾದ ಅಂಶಗಳು ಯಾವುವು, ತೀರ್ಮಾನ ಏನು, ಅದಕ್ಕೆ ಕಾರಣ ಏನು ಎಂಬುದು ಅಲ್ಲಿ ಬರೆದಿರಬೇಕು. ಮುನ್ಸೀಫರು ಗುಮಾಸ್ತರನ್ನು ಯಾಕೆ ನಂಬಿದರು ಎಂಬುದನ್ನು ಸಬ್ ಜಡ್ಜ್ ಎದುರಿಸಿ, ಅದು ಯಾಕೆ ಸರಿಯಲ್ಲ ಎಂದು ಬರೆದಿದ್ದಾರಾ? ಉದಾಹರಣೆಗೆ, ಗುಮಾಸ್ತರಿಗೂ ಧಣಿಗಳಿಗೂ ಜಗಳವಿತ್ತು ಎಂದೋ, ಶಾಯಿ ಹೊಸದು ಎಂದೋ? ಬರೆದಿದ್ದರೆ ಹೈಕೋರ್ಟಿಗೆ ಮಾಡುವುದೇನೂ ಉಳಿದಿರಲಿಲ್ಲ. ಬರೆದಿಲ್ಲದಿದ್ದರೆ ಅಜ್ಜನ ವಕೀಲರು ಅದನ್ನೇ ವಿಚಾರಣೆಯ ಕ್ರಮದ ದೋಷ ಎಂದು ಎತ್ತಿ ಹಿಡಿಯಬಹುದಿತ್ತು.

ಇನ್ನೂ ಒಂದು ದಾರಿ ಇತ್ತು. ಮೂಲಗೇಣಿ ಎಂದರೆ ಗೇಣಿ ಏರದ, ಮಕ್ಕಳಿಗೂ ಇಳಿಯುವ ಶಾಶ್ವತ ಹಕ್ಕು. ಚಾಲಗೇಣಿ ಹಾಗಲ್ಲ, ಧಣಿ ಬಿಡಿಸಬಹುದು. ಇಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ರಶೀದಿ ನಿಜವೋ ಅಲ್ಲವೋ, ಇಷ್ಟು ವರ್ಷ ಒಂದೇ ಗೇಣಿ ಕೊಟ್ಟರೋ ಇಲ್ಲವೋ, ಇದು ಸಂಗತಿ. ಆದರೆ ಸಾಬೀತಾದ ಆ ಸಂಗತಿಗಳಿಂದ ಶಾಶ್ವತ ಗೇಣಿ ಎಂಬ ತೀರ್ಮಾನಕ್ಕೆ ಬರಬಹುದೇ, ಇದು ಕಾನೂನು. 1927ರಲ್ಲಿ ಪ್ರಿವಿ ಕೌನ್ಸಿಲ್ ಧನ್ನಾ ಮಲ್ ಮೊಕದ್ದಮೆಯಲ್ಲಿ ಹೀಗೇ ಹೇಳಿತ್ತು. ಸಬ್ ಜಡ್ಜ್ ರಶೀದಿ ನಿಜ ಎಂದು ಒಪ್ಪಿ, ಆದರೂ ಮೂಲಗೇಣಿ ಅಲ್ಲ ಎಂದಿದ್ದರೆ ಹೈಕೋರ್ಟು ಒಳಗೆ ಹೋಗಿ ನೋಡುತ್ತಿತ್ತು. ರಶೀದಿಯನ್ನೇ ನಂಬದ ಕಾರಣ ಆ ಬಾಗಿಲು ಮುಚ್ಚಿತು. ಒಂದು ಗದ್ದೆಯ ಹಣೆಬರಹ ಇಷ್ಟು ತೆಳುವಾದ ಗೆರೆಯ ಮೇಲೆ ನಿಂತಿತ್ತು. ಆ ಗೆರೆ ಬೇಕೇ ಬೇಕು ಎಂದು ನಾನು ಒಪ್ಪುತ್ತೇನೆ. ಆದರೂ ಇಂಥ ಕಾಗದ ಓದುವಾಗೆಲ್ಲ ಮನಸ್ಸಿಗೆ ಕಷ್ಟವಾಗುತ್ತದೆ.

ಇನ್ನು 'ನೋ ಲೀವ್'. ಇಲ್ಲಿ ಲೀವ್ ಎಂದರೆ ಅನುಮತಿ. ಆಗ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಲ್ಲಿತ್ತು. ಸೆಕೆಂಡ್ ಅಪೀಲನ್ನು ಸಾಮಾನ್ಯವಾಗಿ ಒಬ್ಬ ಜಡ್ಜ್ ಕೇಳುತ್ತಿದ್ದರು. ಅದರ ಮೇಲೆ ಅದೇ ಹೈಕೋರ್ಟಿನ ಇಬ್ಬರು ಜಡ್ಜ್‌ಗಳ ಮುಂದೆ ಹೋಗಬೇಕಾದರೆ, ತೀರ್ಪು ಕೊಟ್ಟ ಜಡ್ಜ್ ಅವರೇ ಇದು ಅಪೀಲಿಗೆ ತಕ್ಕ ಮೊಕದ್ದಮೆ ಎಂದು ಒಪ್ಪಬೇಕಿತ್ತು. ಲೆಟರ್ಸ್ ಪೇಟೆಂಟ್ ಎಂಬ ಹಳೆಯ ಸನ್ನದಿನ ನಿಯಮ ಅದು. ನಿಮ್ಮ ಅಜ್ಜನಿಗೆ ಆ ಅನುಮತಿ ಸಿಗಲಿಲ್ಲ.

ಸುಪ್ರೀಂ ಕೋರ್ಟಿನ ದಾರಿಯೂ ಕಷ್ಟದ್ದೇ. ಸಂವಿಧಾನದ 133ನೇ ವಿಧಿಯ ಪ್ರಕಾರ ಆಗ ಸಿವಿಲ್ ಅಪೀಲಿಗೆ ಸಾಮಾನ್ಯವಾಗಿ ವ್ಯಾಜ್ಯದ ಬೆಲೆ 20,000 ರೂಪಾಯಿಗಿಂತ ಕಡಿಮೆ ಇರಬಾರದಿತ್ತು, ಹೈಕೋರ್ಟಿನ ಪ್ರಮಾಣಪತ್ರವೂ ಬೇಕಿತ್ತು. ಆ ಕಾಲದಲ್ಲಿ ಒಂದು ಗದ್ದೆಗೆ ಅಷ್ಟು ಬೆಲೆ ಎಲ್ಲಿಂದ ಬರಬೇಕು? ಜೊತೆಗೆ, ಹೈಕೋರ್ಟಿನ ಒಬ್ಬನೇ ಜಡ್ಜ್ ಕೊಟ್ಟ ತೀರ್ಪಿನ ಮೇಲೆ ಈ ವಿಧಿಯಡಿ ಅಪೀಲೇ ಇಲ್ಲ. ಉಳಿದದ್ದು 136ನೇ ವಿಧಿಯ ವಿಶೇಷ ಅನುಮತಿ. ಅದನ್ನು ಅಪರೂಪಕ್ಕೆ ಮಾತ್ರ ಕೊಡುತ್ತೇವೆ ಎಂದು 1950ರಲ್ಲೇ ಪ್ರೀತಮ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿಬಿಟ್ಟಿತ್ತು.

ಈಗ ಆ ವ್ಯಾಜ್ಯವನ್ನು ಮತ್ತೆ ತೆರೆಯಲು ಆಗುವುದಿಲ್ಲ. ಒಮ್ಮೆ ಕೊನೆಮುಟ್ಟಿದ ಮೊಕದ್ದಮೆಯನ್ನು ಅದೇ ಕಕ್ಷಿಗಳಾಗಲಿ ಅವರ ವಾರಸುದಾರರಾಗಲಿ ಮತ್ತೆ ಹೂಡುವಂತಿಲ್ಲ. ಅದಕ್ಕಾಗಿ ಹಣ ಖರ್ಚು ಮಾಡಬೇಡಿ. ಕಾಗದಗಳನ್ನು ಮಾತ್ರ ಜೋಪಾನ ಮಾಡಿ, ಅದರಲ್ಲೂ ಗುಮಾಸ್ತರ ಸಾಕ್ಷಿಯ ನಕಲನ್ನು.

ಪ್ರಶ್ನೆ: ಕಾನೂನು ಓದುತ್ತಿರುವ ವಿದ್ಯಾರ್ಥಿನಿ ನಾನು. ಹಳೆಯ ತೀರ್ಪುಗಳಲ್ಲಿ ಅಪೀಲ್, ರಿವಿಷನ್, ರಿವ್ಯೂ ಮೂರೂ ಬರುತ್ತವೆ. ಗೊಂದಲವಾಗುತ್ತದೆ.

ಉತ್ತರ: ಯಾರು ನೋಡುತ್ತಾರೆ, ಏನನ್ನು ನೋಡುತ್ತಾರೆ ಎಂದು ಕೇಳಿಕೊಳ್ಳಮ್ಮ, ಗೊಂದಲ ಕಡಿಮೆಯಾಗುತ್ತದೆ.

ರಿವ್ಯೂ ಎಂದರೆ ತೀರ್ಪು ಕೊಟ್ಟ ಕೋರ್ಟೇ ತನ್ನ ತೀರ್ಪನ್ನು ಮತ್ತೆ ನೋಡುವುದು. ಹೊಸ ಮುಖ್ಯ ಸಾಕ್ಷ್ಯ ಸಿಕ್ಕಿದಾಗ, ಕಣ್ಣಿಗೆ ಹೊಡೆಯುವಂಥ ತಪ್ಪು ಕಂಡಾಗ, ಇಲ್ಲವೇ ಅಂಥದೇ ಬಲವಾದ ಬೇರೆ ಕಾರಣವಿದ್ದಾಗ. ಅಪೀಲನ್ನು ಮೇಲಿನ ಕೋರ್ಟು ನೋಡುತ್ತದೆ, ಅದು ಕಾನೂನು ಕೊಟ್ಟ ಹಕ್ಕು. ರಿವಿಷನ್ ಹಕ್ಕಲ್ಲ, ಹೈಕೋರ್ಟಿನ ಕಾವಲು. 1908ರ ಸಂಹಿತೆಯ 115ನೇ ಕಲಮಿನಲ್ಲಿ ಕೆಳಗಿನ ಕೋರ್ಟು ತನ್ನ ಅಧಿಕಾರದ ಗಡಿ ದಾಟಿತೇ, ಇರುವ ಅಧಿಕಾರವನ್ನು ಬಳಸದೆ ಕೈಬಿಟ್ಟಿತೇ, ಅಧಿಕಾರ ಬಳಸುವಾಗ ಕ್ರಮ ತಪ್ಪಿತೇ ಎಂದಷ್ಟೇ ನೋಡುತ್ತಾರೆ. ತೀರ್ಪು ತಪ್ಪಾಗಿದೆ ಎಂಬುದು ಸಾಲದು. ಅಧಿಕಾರ ಇರುವ ಕೋರ್ಟು ತಪ್ಪಾಗಿ ತೀರ್ಮಾನಿಸಿದರೂ ಅದು ಅಧಿಕಾರದೊಳಗಿನ ತಪ್ಪೇ ಎಂದು ಪ್ರಿವಿ ಕೌನ್ಸಿಲ್ 1884ರಲ್ಲಿ ಹೇಳಿತು. ಕ್ರಿಮಿನಲ್ ರಿವಿಷನ್ ಇದಕ್ಕಿಂತ ಅಗಲ, ಅದನ್ನು ಇದರ ಜೊತೆ ಬೆರೆಸಬೇಡಿ.

ಸಂವಿಧಾನದ 227ನೇ ವಿಧಿಯನ್ನೂ ಪಕ್ಕದಲ್ಲಿಟ್ಟು ಓದಿ. ಕೆಳಗಿನ ಕೋರ್ಟುಗಳ ನ್ಯಾಯದ ಕೆಲಸದ ಮೇಲೆ ಹೈಕೋರ್ಟಿಗಿದ್ದ ಮೇಲ್ವಿಚಾರಣೆಯನ್ನು 1935ರ ಭಾರತ ಸರ್ಕಾರ ಕಾಯಿದೆ ಮೊಟಕುಗೊಳಿಸಿತ್ತು. ಸಂವಿಧಾನ ಅದನ್ನು ಮರಳಿ ಕೊಟ್ಟಿತು. 1954ರ ವರ್ಯಾಮ್ ಸಿಂಗ್ ತೀರ್ಪಿನಲ್ಲಿ ಇದು ಚೆನ್ನಾಗಿ ಬಂದಿದೆ.

ಪ್ರಶ್ನೆ: ನೌಕಾಪಡೆ ಅಧಿಕಾರಿ ನಾನಾವತಿಯ ಕೊಲೆ ಮೊಕದ್ದಮೆಯಲ್ಲಿ ಜ್ಯೂರಿ (ಸಾಮಾನ್ಯ ಜನರಿಂದ ಆರಿಸಿದ ತೀರ್ಪುಗಾರರ ತಂಡ) ನಿರ್ದೋಷಿ ಎಂದಿತ್ತು. ಆದರೂ ಹೈಕೋರ್ಟು ಶಿಕ್ಷೆ ಕೊಟ್ಟಿತು. ಸಾಕ್ಷಿ ಕಂಡವರ ಮಾತಿಗೆ ಬೆಲೆ ಇಲ್ಲವೇ? ಕೆಳಗೆ ಖುಲಾಸೆಯಾದವರನ್ನು ಆ ಕಾಲದಲ್ಲಿ ಯಾರು ಬೇಕಾದರೂ ಮೇಲೆ ಎಳೆಯಬಹುದಿತ್ತೇ?

ಉತ್ತರ: 1959ರಲ್ಲಿ ಬೊಂಬಾಯಿಯ ಸೆಷನ್ಸ್ ಕೋರ್ಟಿನಲ್ಲಿ ಜ್ಯೂರಿಯ ಎಂಟು ಜನ ನಿರ್ದೋಷಿ ಎಂದರು, ಒಬ್ಬರು ಒಪ್ಪಲಿಲ್ಲ. ಆದರೆ ಸಾಕ್ಷಿಗಳನ್ನು ಕಂಡವರು ಜ್ಯೂರಿ ಮಾತ್ರ ಅಲ್ಲ. ಸೆಷನ್ಸ್ ಜಡ್ಜ್ ಕೂಡ ಅಲ್ಲೇ ಕೂತು ಅದೇ ಮಾತು ಕೇಳಿದ್ದರು. ಅವರಿಗೆ ಜ್ಯೂರಿಯ ತೀರ್ಮಾನ ವಿವೇಕದ್ದು ಅನ್ನಿಸಲಿಲ್ಲ. 1898ರ ಕ್ರಿಮಿನಲ್ ಸಂಹಿತೆಯ 307ನೇ ಕಲಂ ಅಂಥ ಜಡ್ಜ್‌ಗೆ ಮೊಕದ್ದಮೆಯನ್ನು ಹೈಕೋರ್ಟಿಗೆ ಕಳುಹಿಸುವ ದಾರಿ ಕೊಟ್ಟಿತ್ತು. ಇದು ಅಪೀಲಲ್ಲ, ರೆಫರೆನ್ಸ್. ಹೈಕೋರ್ಟು ಪೂರ್ತಿ ಸಾಕ್ಷ್ಯ ಓದಿ, ಜಡ್ಜ್ ಮತ್ತು ಜ್ಯೂರಿ ಇಬ್ಬರ ಅಭಿಪ್ರಾಯಕ್ಕೂ ತಕ್ಕ ತೂಕ ಕೊಟ್ಟು ತೀರ್ಮಾನಿಸಬೇಕಿತ್ತು. ಬೊಂಬಾಯಿ ಹೈಕೋರ್ಟು 1960ರಲ್ಲಿ ಕೊಲೆ ಎಂದು ಜೀವಾವಧಿ ಶಿಕ್ಷೆ ಕೊಟ್ಟಿತು. 1961ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಜ್ಯೂರಿ ಇಲ್ಲದ ಮೊಕದ್ದಮೆಗಳಲ್ಲಿ ಖುಲಾಸೆ ವಿರುದ್ಧದ ಅಪೀಲಿಗೆ ದಿಕ್ಕು ತೋರಿಸಿದ್ದು 1934ರ ಶಿಯೋ ಸ್ವರೂಪ್ ತೀರ್ಪು. ಹೈಕೋರ್ಟಿಗೆ ಎಲ್ಲ ಸಾಕ್ಷ್ಯ ಮರುತೂಗುವ ಪೂರ್ಣ ಅಧಿಕಾರ ಇದೆ ಎಂದಿತು ಪ್ರಿವಿ ಕೌನ್ಸಿಲ್. ಆದರೆ ಜೊತೆಗೆ ನಾಲ್ಕು ಸಂಗತಿ ಮನಸ್ಸಿನಲ್ಲಿರಬೇಕು ಎಂದಿತು: ಸಾಕ್ಷಿಯ ನಂಬಿಕೆಯ ಬಗ್ಗೆ ಕೆಳಗಿನ ಜಡ್ಜ್ ಏನೆಂದರು, ಆರೋಪಿ ನಿರಪರಾಧಿ ಎಂಬ ಊಹೆ ಖುಲಾಸೆಯಿಂದ ಕುಂದಿಲ್ಲ, ಅನುಮಾನದ ಲಾಭ ಅವನದು, ಸಾಕ್ಷಿ ಕಂಡ ಜಡ್ಜ್‌ನ ತೀರ್ಮಾನ ಕದಲಿಸಲು ಅವಸರ ಬೇಡ. ನನಗೆ ಇಂದಿಗೂ ಇದಕ್ಕಿಂತ ಒಳ್ಳೆಯ ಅಳತೆಗೋಲು ಕಂಡಿಲ್ಲ.

1952ರಲ್ಲಿ ಸುಪ್ರೀಂ ಕೋರ್ಟು ಸೂರಜ್‌ಪಾಲ್ ಸಿಂಗ್ ಮೊಕದ್ದಮೆಯಲ್ಲಿ, ಖುಲಾಸೆ ತಿರುಗಿಸಲು ಬಹಳ ಬಲವಾದ, ಒತ್ತಾಯದ ಕಾರಣ ಬೇಕು ಎಂದಿತು. ಆ ಪದಗಳು ವಕೀಲರ ಬಾಯಲ್ಲಿ ಬೇರೊಂದು ಕಾನೂನೇ ಆಗಿಬಿಟ್ಟವು. ಹೈಕೋರ್ಟಿನ ಅಧಿಕಾರವೇ ಕಡಿಮೆಯಾಯಿತೇನೋ ಎಂಬಂತೆ ವಾದ ನಡೆಯುತ್ತಿತ್ತು. ಕೊನೆಗೆ ಸನ್ವತ್ ಸಿಂಗ್ ಮೊಕದ್ದಮೆಯಲ್ಲಿ (1961ರ ಕಾನೂನು ವರದಿಗಳಲ್ಲಿದೆ) ನ್ಯಾಯಮೂರ್ತಿ ಸುಬ್ಬರಾವ್ ಇದನ್ನು ಬಿಡಿಸಿ ಹೇಳಿದರು. ಅಧಿಕಾರ ಪೂರ್ಣವೇ, ಶಿಯೋ ಸ್ವರೂಪ್ ಹೇಳಿದ ಎಚ್ಚರವೇ ಸರಿ, ಆ ಪದಗಳು ಎಚ್ಚರಕ್ಕೆ ಒತ್ತು ಕೊಡಲು ಬಂದವು ಅಷ್ಟೇ ಎಂದು. ಕೆಳಗೆ ಖುಲಾಸೆಯಾದವನಿಗೆ ಹೈಕೋರ್ಟು ಅಪೀಲಿನಲ್ಲಿ ಮರಣದಂಡನೆ ಕೊಟ್ಟರೆ ಯಾರ ಅನುಮತಿಯೂ ಇಲ್ಲದೆ ಸುಪ್ರೀಂ ಕೋರ್ಟಿಗೆ ಹೋಗಬಹುದು ಎಂದು ಸಂವಿಧಾನದ 134ನೇ ವಿಧಿ ಮೊದಲೇ ಬರೆದಿಟ್ಟಿತ್ತು.

ಯಾರು ಬೇಕಾದರೂ ಎಳೆಯಬಹುದಿತ್ತೇ? ಇಲ್ಲ. ಅದೇ 1898ರ ಸಂಹಿತೆಯ 417ನೇ ಕಲಂ ಪ್ರಕಾರ ಖುಲಾಸೆಯ ಮೇಲಿನ ಅಪೀಲು ಸರ್ಕಾರದ ಕೈಯಲ್ಲಿ ಮಾತ್ರ ಇತ್ತು. ಫಿರ್ಯಾದಿಗೆ ರಿವಿಷನ್ ಒಂದೇ ಗತಿ. ಅಲ್ಲಿಯೂ ಹೈಕೋರ್ಟು ಖುಲಾಸೆಯನ್ನು ನೇರವಾಗಿ ಶಿಕ್ಷೆಯಾಗಿ ಬದಲಿಸುವಂತಿರಲಿಲ್ಲ, ಹೆಚ್ಚೆಂದರೆ ಮರುವಿಚಾರಣೆ. 1955ರ ತಿದ್ದುಪಡಿ ಬಂದ ಮೇಲೆ, ಖಾಸಗಿ ಫಿರ್ಯಾದಿನಿಂದ ಶುರುವಾದ ಮೊಕದ್ದಮೆಗಳಲ್ಲಿ ಹೈಕೋರ್ಟಿನ ವಿಶೇಷ ಅನುಮತಿ ಪಡೆದು ಫಿರ್ಯಾದಿಯೇ ಅಪೀಲು ಹೋಗಬಹುದಾಯಿತು. ಪೊಲೀಸರು ನಡೆಸಿದ ಮೊಕದ್ದಮೆಯಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಅಪೀಲಿನ ಹಕ್ಕು ಆಗಲೂ ಬರಲಿಲ್ಲ. ಅದು ಬಂದದ್ದು 2009ರ ಕೊನೆಯ ದಿನ.